ಬಾಗಿಲು ಬರುವ ತನಕ

"ಏಯ್, ಕಾಲು ಕೆಳಗಿಳಿಸೇ! ನಿಮ್ಮಪ್ಪನ ಮನೆ ಅಂಗಳ ಅನ್ಕೊಂಡಿದ್ದೀಯಾ? ಈಗ ತಾನೇ ಒರೆಸಿದ್ದು!"

ವಸತಿ ನಿಗಮದ ಜವಾನ ಕೂಗಿದ್ದು ಗುಂಡಕ್ಕನ ಬಲಗಾಲಿಗೆ. ಅದು ಹೊಸ್ತಿಲು ದಾಟಿ ಕಚೇರಿಯ ಬಿಳಿ ಕಲ್ಲಿನ ಮೇಲಿತ್ತು. ಎಡಗಾಲು ಇನ್ನೂ ಮೆಟ್ಟಿಲ ಮೇಲೆಯೇ ಇತ್ತು. ಬೆಳಿಗ್ಗೆ ಎದ್ದು ಕಲ್ಲಿಗೆ ಉಜ್ಜಿ ಉಜ್ಜಿ ತೊಳೆದುಕೊಂಡೇ ಬಂದಿದ್ದಳು. ಆದರೆ ಹದಿನೆಂಟು ವರ್ಷದ ಸಿಮೆಂಟು ಹಿಮ್ಮಡಿಯ ಬಿರುಕಿನೊಳಗೆ ಹೋಗಿ ಕೂತಿದ್ದರೆ ಸೋಪು ತಾನೇ ಏನು ಮಾಡೀತು? ಗಾರೆ ಕೆಲಸದವಳು. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುವ ಹಿತ್ತಾಳೆಯ ತೂಗುಗುಂಡು ಸದಾ ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದಳು, ಅದಕ್ಕೇ ಗುಂಡಕ್ಕ. ಆಳು ಮಾತ್ರ ಕಡ್ಡಿಯ ಹಾಗಿದ್ದಳು.

ಕಾಲು ಕೆಳಗಿಳಿಸಿ, ಚಪ್ಪಲಿಯನ್ನು ಕೈಗೆ ತೆಗೆದುಕೊಂಡು, ತುದಿಗಾಲಲ್ಲಿ ನಡೆದು ಗಾಜಿನ ಕಿಂಡಿಯ ಮುಂದೆ ನಿಂತಳು. ಕಿಂಡಿಯ ಮೇಲೆ ದೊಡ್ಡ ಫಲಕ: 'ಸ್ಥಳೀಯ ಸಮುದಾಯಗಳೊಂದಿಗೆ, ಕೈಗೆಟಕುವ ಮನೆಯ ಕಡೆಗೆ.' ಒಳಗೆ ಕೂತಿದ್ದ ಗುಮಾಸ್ತ ಅವಳ ಚೀಟಿ ನೋಡಿ, ಕಂಪ್ಯೂಟರ್ ನೋಡಿ, ಆಕಳಿಸಿ ಹೇಳಿದ.

"ನಿಮ್ಮ ಹೆಸರು ತೆಗೆದಿದೆ."

"ಯಾಕೆ ಸ್ವಾಮಿ? ಪಟ್ಟೀಲಿತ್ತಲ್ಲ, ನಾನೇ ಬಂದು ಓದಿಸ್ಕೊಂಡು ಹೋಗಿದ್ದೆ."

"ನಿಮಗೆ ಪಕ್ಕಾ ಮನೆ ಇದೆ. ಪಕ್ಕಾ ಮನೆ ಇರೋರಿಗೆ ಕೊಡಲ್ಲ."

"ನಮಗಾ? ಎಲ್ಲಿದೆ ಸ್ವಾಮಿ, ಸ್ವಲ್ಪ ವಿಳಾಸ ಕೊಡಿ. ಇವತ್ತೇ ಹೋಗ್ಬಿಡ್ತೀವಿ."

ಹಿಂದೆ ಸಾಲಿನಲ್ಲಿದ್ದ ಯಾರೋ ನಕ್ಕರು. ಗುಮಾಸ್ತ ನಗಲಿಲ್ಲ. ಪರದೆಯಲ್ಲಿದ್ದುದನ್ನು ಓದಿದ. "ನಾಲ್ಕನೇ ಕಟ್ಟಡ, ಮೂರನೇ ಮಹಡಿ, ಹನ್ನೊಂದನೇ ಮನೆ. ಕಾಂಕ್ರೀಟ್ ಛಾವಣಿ, ಇಟ್ಟಿಗೆ ಗೋಡೆ. ವಾಸ ಮೂರು ಜನ."

"ಅಯ್ಯೋ, ಅದು ನಿಮ್ದೇ ಕಟ್ಟಡ! ನಿಗಮದ್ದು! ನಾವು ಅದಕ್ಕೆ ಗಾರೆ ಮಾಡ್ತಿರೋರು, ಕೆಲಸ ಮುಗಿಯೋವರ್ಗೂ ಅಲ್ಲೇ ಮಲಗ್ತೀವಿ, ಅಷ್ಟೇ."

"ಸರ್ವೆ ದಿನ ಅಲ್ಲಿ ವಾಸ ಇದ್ರಾ, ಇಲ್ವಾ?"

"ಇದ್ವಿ."

"ಮತ್ತೆ?" ಎಂದ ಗುಮಾಸ್ತ. ಕೈ ಚೆಲ್ಲಿದ. "ಮನೆ ಯಾವ ನಮೂನೆ ಅಂತ ಕೇಳಿದ್ದಕ್ಕೆ ಪಕ್ಕಾ ಅಂತ ನೀವೇ ಹೇಳಿದ್ದೀರಿ. ಹೆಬ್ಬೆಟ್ಟು ಒತ್ತಿದ್ದೀರಿ. ಮುಂದಿನೋರು ಬನ್ನಿ."

ಹೇಳಿದ್ದು ನಿಜ. ಅದೇ ಗುಂಡಕ್ಕನ ಹೊಟ್ಟೆಗೆ ಬೆಂಕಿ ಹಾಕಿದ್ದು. ಬಸ್ಸಿಗೂ ಕಾಯದೆ ನಡೆದುಕೊಂಡೇ ಬಂದಳು, ದಾರಿಯುದ್ದಕ್ಕೂ ತನ್ನ ನಾಲಿಗೆಯನ್ನು ತಾನೇ ಬೈದುಕೊಂಡಳು. ಅವತ್ತು ಸರ್ವೆಯವನು ಕೊರಳಿಗೆ ಚೀಲ ಹಾಕಿಕೊಂಡು ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿ ಬಂದಾಗ ಅವಳು ಹನ್ನೊಂದನೇ ಮನೆಯ ನಡುಗೋಡೆಗೆ ಕೊನೆಯ ಕೈ ಆಡಿಸುತ್ತಿದ್ದಳು. ಅಂಥ ಗೋಡೆಯನ್ನು ಅವಳೂ ತುಂಬ ಸಲ ಮಾಡಿದ್ದಿಲ್ಲ. ತೂಗುಗುಂಡು ಇಳಿಬಿಟ್ಟರೆ ದಾರಕ್ಕೂ ಗೋಡೆಗೂ ನಡುವೆ ಮೇಲಿಂದ ಕೆಳಗಿನವರೆಗೆ ಒಂದೇ ಅಳತೆ. ಅದನ್ನು ನೋಡುತ್ತಾ ಹಿಗ್ಗುತ್ತಿದ್ದಾಗಲೇ ಹಿಂದಿನಿಂದ ಅವನು ಕೇಳಿದ್ದ, "ಏನಮ್ಮಾ, ಮನೆ ಪಕ್ಕಾನಾ?"

ಗಾರೆಯವಳ ಹತ್ತಿರ ಬಂದು ಹಾಗೆ ಕೇಳಿದರೆ ಏನರ್ಥ? ಮೇಸ್ತ್ರಿ ಕೇಳುವುದೂ ಹಾಗೇ, ಕಂತ್ರಾಟುದಾರ ಕೇಳುವುದೂ ಹಾಗೇ. "ಪಕ್ಕಾ ಅಂದ್ರೆ ಪಕ್ಕಾ ಸ್ವಾಮಿ!" ಎಂದಿದ್ದಳು ಗುಂಡಕ್ಕ. "ಬೇಕಾದ್ರೆ ಗುದ್ದಿ ನೋಡಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ." ಅವನು ಪೆನ್ನಿನಿಂದ ಗೋಡೆಯನ್ನು ಎರಡು ಸಲ ಕುಟ್ಟಿ, ತಲೆದೂಗಿ, ಬರೆದುಕೊಂಡಿದ್ದ. ಸವೆದ ಹೆಬ್ಬೆರಳಿನ ಗುರುತು ಮೂಡದೆ ಮೂರು ಸಲ ಒತ್ತಿಸಿಕೊಂಡಿದ್ದ. ಮೂರು ಸಲವೂ ಅವಳು ನಗುನಗುತ್ತಾ ಒತ್ತಿದ್ದಳು.

ಕಟ್ಟಡದ ಕೆಳಗೆ ಬಾಗಿಲುಗಳ ಲಾರಿ ನಿಂತಿತ್ತು. ಗುಂಡಕ್ಕ ಅದರ ಮುಂದೆಯೇ ನಿಂತು ಬಾಗಿಲುಗಳನ್ನು ಎಣಿಸತೊಡಗಿದಳು.

ಕಟ್ಟಡ ಕಟ್ಟುವವರಲ್ಲಿ ಒಂದು ಲೆಕ್ಕವಿದೆ, ಯಾರೂ ಬರೆದಿಟ್ಟಿದ್ದಲ್ಲ. ಗೋಡೆ ಎದ್ದು ಛಾವಣಿ ಬಿದ್ದ ಮೇಲೆ ಕೆಲಸದವರು ಅದರೊಳಗೇ ಒಲೆ ಹೂಡಿ ಸಂಸಾರ ಮಾಡಬಹುದು. ಬಾಗಿಲು ಬಂದ ದಿನ ಗಂಟುಮೂಟೆ ಕಟ್ಟಬೇಕು. 'ಬಾಗಿಲು ಯಾವಾಗ?' ಎಂದು ಒಬ್ಬರು ಕೇಳಿದರೆ 'ನೀವು ಹೊರಡೋದು ಯಾವಾಗ?' ಎಂದೇ ಅರ್ಥ. ಹೀಗೆ ಗುಂಡಕ್ಕ ಮದುವೆಯಾಗಿ ಬಂದಾಗಿನಿಂದ ಎಷ್ಟೋ ಮನೆಗಳಲ್ಲಿ ಸಂಸಾರ ಮಾಡಿದ್ದಳು. ಬಾಗಿಲಿದ್ದ ಮನೆಯಲ್ಲಿ ಒಂದು ದಿನವೂ ಮಲಗಿರಲಿಲ್ಲ. ಗೋಣಿಚೀಲದ ಪರದೆಯ ಹಿಂದೆಯೇ ಸ್ನಾನ, ಬಟ್ಟೆ ಬದಲಾಯಿಸುವುದು, ಗಂಡನ ಜೊತೆಗಿನ ಜಗಳ, ರಾಜಿ ಎಲ್ಲ. ನಿಗಮದವರು ಕೈಗೆಟಕುವ ಮನೆ ಎನ್ನುತ್ತಿದ್ದರು. ಅವಳ ಕೈಗೆ ಎಟಕಿದ್ದು ಛಾವಣಿ, ಅದೂ ಅಟ್ಟಣಿಗೆಯ ಮೇಲೆ ನಿಂತು ಗಾರೆ ಬಳಿಯುವಾಗ.

ಹನ್ನೊಂದನೇ ಮನೆಯಲ್ಲಿ ಅತ್ತೆ ಗೋಡೆಗೊರಗಿ ಕೂತಿದ್ದಳು. ಮಂಡಿ ಹಿಡಿದುಕೊಂಡು ವರ್ಷವಾಗಿತ್ತು. ಮೂರನೇ ಮಹಡಿಗೆ ಮಗನ ಬೆನ್ನೇರಿ ಬಂದವಳು ಆಮೇಲೆ ಕೆಳಗಿಳಿದಿರಲಿಲ್ಲ. ಬಾಯಿ ಮಾತ್ರ ಮೂರು ಮಹಡಿಗೂ ಕೇಳುತ್ತಿತ್ತು.

"ಏನಂದ್ರೇ ಆ ಬೋಳಿಮಕ್ಕಳು?"

ಗುಂಡಕ್ಕ ಎಲ್ಲ ಹೇಳಿದಳು. ಜವಾನ ಬೈದದ್ದನ್ನೂ ಬಿಡಲಿಲ್ಲ. ಕಂಬಿ ಕಟ್ಟುವ ಕೆಲಸದ ಅವಳ ಗಂಡ ಮೂಲೆಯಲ್ಲಿ ತಟ್ಟೆ ಮುಂದೆ ಕೂತಿದ್ದ. ಎತ್ತಿದ ತುತ್ತನ್ನು ಹಾಗೇ ಇಳಿಸಿದ.

"ಪಕ್ಕಾ ಅಂದ್ಯಾ? ನಿನ್ನ ಗೋಡೆ ಜಂಭಕ್ಕೆ ನನ್ನ ಮನೆ ಹೋಯ್ತಲ್ಲೇ!"

"ನಾನೇನು ಕನಸು ಕಂಡಿದ್ನಾ?" ಎಂದು ಗುಂಡಕ್ಕ ರೇಗಿದಳು. "ನೀನಾಗಿದ್ರೆ ಏನಂತಿದ್ದೆ? ಕಂಬಿ ಸಡಿಲ ಕಟ್ಟಿದ್ದೀನಿ, ನಾಳೆ ಬೀಳುತ್ತೆ ಅಂತಿದ್ಯಾ?"

ಅತ್ತೆ ಸೊಸೆಯ ಸೆರಗು ಹಿಡಿದಳು. "ನನಗೆ ಮಹಡಿ ಬೇಡ, ನಲ್ಲಿ ಬೇಡ ಕಣೇ. ಒಂದು ಬಾಗಿಲು. ಒಳಗಿಂದ ಚಿಲಕ ಹಾಕ್ಕೊಂಡು ಒಂದು ದಿನ ಮಲಗ್ಬೇಕು. ಬರೋರು ಹೋಗೋರು ಎಲ್ಲ ನೋಡೋ ಹಂಗೆ ಬಿದ್ದಿದ್ದೀನಿ, ಹಂಗೇ ಸಾಯಕ್ಕೆ ಇಷ್ಟ ಇಲ್ಲ."

ಗುಂಡಕ್ಕನಿಗೆ ಅಳು ಬಂತು. ಅಳಲಿಲ್ಲ, ಬಡಗಿ ಆಗಲೇ ಮೆಟ್ಟಿಲು ಹತ್ತಿ ಬರುತ್ತಿದ್ದ. ಅವನು ಇವರ ಮುಖ ನೋಡದೆ ಚೌಕಟ್ಟಿನ ಅಳತೆ ತೆಗೆದುಕೊಂಡ. "ಸೋಮವಾರಕ್ಕೆ ಈ ಮಹಡಿಗೆ ಕೂರಿಸ್ತೀನಿ ಅಕ್ಕ," ಎಂದ, ತಾನೇ ತಪ್ಪು ಮಾಡಿದವನ ಹಾಗೆ.

ಮರುದಿನ, ಶನಿವಾರ, ನಿಗಮದ ಸಮುದಾಯ ಅಧಿಕಾರಿ ಬಂದ. ಜೊತೆಗೆ ಫೋಟೋ ತೆಗೆಯುವವನೊಬ್ಬ. ಪ್ರಚಾರ ಪುಸ್ತಿಕೆಗೆ ಮಾದರಿ ಮನೆಯ ಚಿತ್ರ ಬೇಕಾಗಿತ್ತಂತೆ. ಇಡೀ ಕಟ್ಟಡ ಸುತ್ತಿ ಕೊನೆಗೆ ಹನ್ನೊಂದನೇ ಮನೆಯ ನಡುಗೋಡೆಯೇ ಅವರಿಗೆ ಹಿಡಿಸಿತು.

"ಬ್ಯೂಟಿಫುಲ್!" ಎಂದ ಅಧಿಕಾರಿ. ಗೋಡೆಯ ಮೇಲೆ ಅಂಗೈ ಆಡಿಸಿದ. ಆಮೇಲೆ ಕೆಳಗೆ ಕಣ್ಣು ಹೋಯಿತು. "ಇದೇನಿದು? ಈ ಗಂಟು, ಪಾತ್ರೆ ಎಲ್ಲ ತೆಗೀರಿ. ಈ ಮುದುಕೀನೂ ಸ್ವಲ್ಪ ಆಚೆಗೆ."

"ಅವಳಿಗೆ ನಡಿಯಕ್ಕಾಗಲ್ಲ ಸ್ವಾಮಿ."

"ಎತ್ಕೊಂಡೋಗಿ. ಎರಡು ನಿಮಿಷದ ಕೆಲಸ."

ಗಂಡ ಅತ್ತೆಯನ್ನು ಎತ್ತಿ ಮೆಟ್ಟಿಲ ಮೇಲೆ ಕೂರಿಸಿದ. ಅವಳ ಹಾಸಿಗೆಯನ್ನು ಫೋಟೋದವನು ಕಾಲಿನಿಂದಲೇ ನೂಕಿದ. ಎರಡು ನಿಮಿಷ ಅರ್ಧ ಗಂಟೆಯಾಯಿತು. ಹೋಗಿಬರುವ ಕೂಲಿಯವರೆಲ್ಲ ಮೆಟ್ಟಿಲ ಮೇಲೆ ಮುದುಡಿದ ಅತ್ತೆಯನ್ನು ದಾಟಿಕೊಂಡು ಹೋದರು. ಅವಳ ಸೀರೆ ಒದ್ದೆಯಾಗಿತ್ತು. ಅದನ್ನು ನೋಡಿದವರು ನೋಡದ ಹಾಗೆ ಹೋದರು. ಅಷ್ಟು ಬಾಯಿಯ ಹೆಂಗಸು ಒಂದು ಮಾತೂ ಆಡಲಿಲ್ಲ.

ಗುಂಡಕ್ಕ ಅಧಿಕಾರಿಗೆ ಅಡ್ಡ ನಿಂತಳು. "ಸ್ವಾಮಿ, ನಮ್ಮ ಹೆಸರು ತೆಗೆದಿದ್ದಾರೆ. ನೀವು ಈಗ ಮುಟ್ಟಿ ನೋಡಿದ್ರಲ್ಲ, ಅದು ನನ್ನ ಗೋಡೆ. ಅದನ್ನ ಪಕ್ಕಾ ಅಂದಿದ್ದಕ್ಕೆ ತೆಗೆದಿದ್ದಾರೆ."

ಅಧಿಕಾರಿ ಕೆಟ್ಟವನ ಹಾಗೆ ಕಾಣುತ್ತಿರಲಿಲ್ಲ. ಹೆಗಲು ತಟ್ಟಲು ಕೈ ಎತ್ತಿದವನು, ಸಿಮೆಂಟು ಕಂಡು ಕೈ ಹಿಂದಕ್ಕೆಳೆದುಕೊಂಡ. "ನೋಡಮ್ಮಾ, ನಿಗಮ ಇರೋದೇ ನಿಮ್ಮಂಥೋರಿಗೆ. ಆದ್ರೆ ನಿಯಮ ನಿಯಮವೇ. ಕಚ್ಚಾ ಮನೇಲಿ ವಾಸ ಇರೋದನ್ನ ನಮ್ಮ ಸರ್ವೆಯವರು ಕಣ್ಣಾರೆ ನೋಡಿ ಬರ್ಕೋಬೇಕು. ಮಣ್ಣಿನ ಗೋಡೆ, ತಗಡಿನ ಮಾಡು, ಅಂಥದ್ದು. ಇದೆಯಾ?"

"ಇಲ್ಲ."

"ಹಾಗಾದ್ರೆ ಎಲ್ಲಾದ್ರೂ ಒಂದು ಕಟ್ಕೊಳ್ಳಿ!" ಎಂದು ಅವನು ನಕ್ಕ. ಫೋಟೋದವನೂ ನಕ್ಕ. ಇಬ್ಬರೂ ನಗುತ್ತಲೇ ಮೆಟ್ಟಿಲಲ್ಲಿ ಅತ್ತೆಯನ್ನು ದಾಟಿ ಇಳಿದರು.

ಗುಂಡಕ್ಕ ನಗಲಿಲ್ಲ. ಸೊಂಟದ ತೂಗುಗುಂಡನ್ನು ಮುಷ್ಟಿಯಲ್ಲಿ ಹಿಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಕೇಳಿಸ್ಕೊಂಡ್ಯಾ? ಸಾಹೇಬ್ರು ಕಟ್ಕೊಳ್ಳಿ ಅಂದ್ರು."

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಿಗಮದ ಕಚೇರಿಯ ಮುಂದಿನ ಹುಲ್ಲುಹಾಸಿನ ಮೇಲೆ, ಆ ದೊಡ್ಡ ಫಲಕದ ತದ್ರೂಪು ನೆಟ್ಟಿದ್ದ ಜಾಗದಲ್ಲೇ, ಇಬ್ಬರು ಮಣ್ಣು ಕಲಸುತ್ತಿದ್ದರು. ತಳಪಾಯಕ್ಕೆ ಒಡೆದ ಇಟ್ಟಿಗೆ, ತುಕ್ಕು ಹಿಡಿದ ತಗಡು, ಮುರಿದ ಅಟ್ಟಣಿಗೆ ಕಂಬ, ಎಲ್ಲ ಕಟ್ಟಡದ ಕಸದ ರಾಶಿಯದು. ಗೇಟಿನ ಕಾವಲುಗಾರ ಬಂದು ನೋಡಿದ. ಕೈಯಲ್ಲಿ ಕರಣೆ ಹಿಡಿದವರನ್ನು ಯಾರು ತಾನೇ ಕಳ್ಳರು ಅನ್ನುತ್ತಾರೆ? "ಯಾರು ಹೇಳಿದ್ದು ಕೆಲಸ?" ಎಂದ. "ಸಮುದಾಯದ ಸಾಹೇಬ್ರು," ಎಂದಳು ಗುಂಡಕ್ಕ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕಾವಲುಗಾರ ಅವರಿಗೆ ನೀರಿನ ಪೈಪು ತಂದುಕೊಟ್ಟು ಹೋದ.

"ಸೊಟ್ಟಗೆ ಕಟ್ಟೇ," ಎಂದ ಗಂಡ. "ಕಚ್ಚಾ ಅಂದ್ರೆ ಕಚ್ಚಾ ಥರ ಕಾಣ್ಬೇಕು."

ಗುಂಡಕ್ಕ ಪ್ರಯತ್ನಪಟ್ಟಳು. ಎರಡು ವರಸೆ ಸೊಟ್ಟಗೆ ಇಟ್ಟು ನೋಡಿದಳು. ಕೆಡವಿ, ತೂಗುಗುಂಡು ಇಳಿಬಿಟ್ಟು ಮತ್ತೆ ನೆಟ್ಟಗೆ ಕಟ್ಟಿದಳು. "ನನ್ನ ಕೈಗೆ ಸೊಟ್ಟ ಬರಲ್ಲ. ಏನಾದ್ರೂ ಬರ್ಕೊಳ್ಳಲಿ ಮುಂಡೇವು."

ಮಧ್ಯಾಹ್ನ ಬಡಗಿ ಬಂದ, ತಲೆಯ ಮೇಲೆ ಒಂದು ಬಾಗಿಲು ಹೊತ್ತುಕೊಂಡು. ಮರ ತಿರುಚಿಕೊಂಡಿದೆಯೆಂದು ಮೇಸ್ತ್ರಿ ತಿರಸ್ಕರಿಸಿ ಒಲೆಗೆ ಹಾಕೆಂದಿದ್ದ ಬಾಗಿಲು. ಯಾರೂ ಅವನನ್ನು ಕರೆದಿರಲಿಲ್ಲ. ಚೌಕಟ್ಟು ನಿಲ್ಲಿಸಿ, ಬಾಗಿಲು ಕೂರಿಸಿ, ಒಳಗಡೆಗೆ, ಕೂತವರ ಕೈಗೆಟಕುವ ಎತ್ತರದಲ್ಲಿ, ಒಂದು ದಪ್ಪ ಕಬ್ಬಿಣದ ಚಿಲಕ ಹೊಡೆದ. "ಇದು ನನ್ನ ಕಡೆಯಿಂದ ಅಜ್ಜಿಗೆ," ಎಂದು ಹೊರಟುಹೋದ. ಕತ್ತಲಾದ ಮೇಲೆ ಗಂಡ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ತಂದು ಒಳಗಿಳಿಸಿದ.

ಸೋಮವಾರ ಹತ್ತು ಗಂಟೆಗೆ ಅಧಿಕಾರಿಯ ಕಾರು ಗೇಟಿನಲ್ಲೇ ನಿಂತಿತು. ಅವನು ಕಾರಿನ ಬಾಗಿಲು ತೆರೆದೇ ಬಿಟ್ಟು ಇಳಿದು ಬಂದ.

"ಏನ್ರೀ ಇದು? ಯಾರು ಕಟ್ಟಿದ್ದು ಇದನ್ನ?"

"ಕಚ್ಚಾ ಮನೆ ಸ್ವಾಮಿ," ಎಂದಳು ಗುಂಡಕ್ಕ. ಎರಡು ಕೈಯನ್ನೂ ಸೊಂಟದ ಮೇಲಿಟ್ಟುಕೊಂಡಿದ್ದಳು. "ಮಣ್ಣಿನ ಗೋಡೆ, ತಗಡಿನ ಮಾಡು. ವಾಸ ಮೂರು ಜನ. ಸರ್ವೆಯವರನ್ನ ಕರೀರಿ, ಕಣ್ಣಾರೆ ನೋಡಿ ಬರ್ಕೊಳ್ಳಲಿ. ದೂರ ಏನಿಲ್ಲ, ಮೆಟ್ಟಿಲೂ ಹತ್ಬೇಕಾಗಿಲ್ಲ."

ಸರ್ವೆಯವನು ಅಲ್ಲೇ, ನೋಡಲು ಸೇರಿದ್ದ ಜನರ ನಡುವೆ ಇದ್ದ. ಅಭ್ಯಾಸಬಲವೋ ಏನೋ, ಕೈ ತಾನಾಗಿ ಚೀಲದೊಳಗೆ ಹೋಗಿ ಸರ್ವೆಯ ಹಾಳೆ ಹೊರಗೆ ತೆಗೆಯಿತು. ಗೋಡೆಯನ್ನು ಪೆನ್ನಿನಿಂದ ಕುಟ್ಟಿದ. "ಸಾರ್, ಇದು ಸ್ವಲ್ಪ ಪಕ್ಕಾ ಇದ್ದಂಗಿದೆಯಲ್ಲ..."

"ಮಣ್ಣು ಕಣಯ್ಯಾ, ಬರೀ ಮಣ್ಣು!" ಎಂದು ಗುಂಡಕ್ಕ ಗದರಿದಳು. ಈ ಸಲ ಸ್ವಾಮಿ ಎನ್ನಲಿಲ್ಲ. "ಒಂದು ಚಿಟಿಕೆ ಸಿಮೆಂಟಿಲ್ಲ. ನೀನು ಹೋದ ಸಲ ಕೇಳಿದ್ದು ಒಂದು, ನಾನು ಹೇಳಿದ್ದು ಒಂದು. ಈ ಸಲ ನೆಟ್ಟಗೆ ಕೇಳು. ಮನೆ ಕಚ್ಚಾನಾ ಅಂತ ಕೇಳು."

"ಬರೀಬೇಡ!" ಎಂದು ಅಧಿಕಾರಿ ಕಿರುಚಿ ಫೋನು ಕಿವಿಗಿಟ್ಟುಕೊಂಡ. ಕೆಡವೋ ಯಂತ್ರ ಕಳಿಸಿ, ತಕ್ಷಣ ಕಳಿಸಿ ಎಂದು ಅತ್ತ ಯಾರಿಗೋ ಹೇಳುತ್ತಿದ್ದ. ಸಾಲಿನಲ್ಲಿ ನಿಲ್ಲಲು ಬಂದಿದ್ದ ಜನ ಸಾಲು ಬಿಟ್ಟು ಹುಲ್ಲಿನ ಮೇಲೆ ಬಂದು ನಿಂತಿದ್ದರು. ಗಂಡ ಗುಂಡಕ್ಕನ ಪಕ್ಕಕ್ಕೆ ಬಂದು ನಿಂತ. ಜಾಗ ಬಿಟ್ಟು ಕದಲಲಿಲ್ಲ.

"ಮೊದಲು ಒಳಗಿರೋರನ್ನ ಎಳೆದು ಹಾಕೋ!" ಎಂದು ಅಧಿಕಾರಿ ಜವಾನನಿಗೆ ಹೇಳಿದ.

ಜವಾನ ಧಡಧಡ ಹೋಗಿ ಹೊಸ್ತಿಲ ಮೇಲೆ ಕಾಲಿಟ್ಟು ಬಾಗಿಲು ಗುದ್ದಿದ. ತಿರುಚಿದ ಬಾಗಿಲು ಅಲುಗಲಿಲ್ಲ. ಒಳಗಿನಿಂದ ಚಿಲಕವನ್ನು ಇನ್ನೂ ಬಿಗಿಯಾಗಿ ತಳ್ಳಿದ ಸದ್ದು ಕೇಳಿಸಿತು. ಆಮೇಲೆ ಅತ್ತೆಯ ದನಿ, ಮೂರು ಮಹಡಿಗೂ ಕೇಳುತ್ತಿದ್ದ ಅದೇ ದನಿ.

"ಯಾವನೋ ಅವನು? ಕಾಲು ಕೆಳಗಿಳಿಸೋ ಬೇವರ್ಸಿ! ಈಗ ತಾನೇ ಮೆತ್ತಿದ್ದು!"

ಜವಾನ ತನ್ನ ಕಾಲು ನೋಡಿಕೊಂಡ. ಹಸಿ ಮಣ್ಣಿನ ಹೊಸ್ತಿಲಲ್ಲಿ ಬೂಟಿನ ಅಚ್ಚು ಮೂಡಿತ್ತು. ಅಷ್ಟೂ ಜನರ ಮುಂದೆ, ಯಾಕೆಂದು ಅವನಿಗೇ ಗೊತ್ತಾಗದೆ, ಅವನು ಕಾಲು ಕೆಳಗಿಳಿಸಿದ.