ಬಾಮೈದನ ಸಾಲು

ಜೌಗುಕಾಡಿನಲ್ಲಿ ಕಡಿಯಬೇಕಾದ ಮರಗಳಿಗೆ ಕಟ್ಟಿದ್ದ ಕೆಂಪು ಬಟ್ಟೆಪಟ್ಟಿಗಳು ವಾರ ಕಳೆಯುವುದರೊಳಗೆ ಮಾಯವಾಗುತ್ತಿದ್ದವು. ಹಕ್ಕಿಗಳು ಗೂಡಿಗೆ ಒಯ್ಯುತ್ತಿವೆ ಎಂದು, ಕಾಡು ಸರಿಮಾಡಲು ಜನ ಕೂಡಿಸಿದ್ದ ನಿವೃತ್ತ ಮೇಷ್ಟ್ರು ತೀರ್ಮಾನಿಸಿದರು. ಹಕ್ಕಿಗಳ ಜಾಣತನದ ಬಗ್ಗೆ ಸ್ವಯಂಸೇವಕರನ್ನು ನಿಲ್ಲಿಸಿಕೊಂಡು ತುಂಬಾ ಹೊತ್ತು ಮಾತಾಡಿದರು.

ಆ ಪಟ್ಟಿಗಳನ್ನು ತನ್ನ ಹೊಲಿಗೆ ಅಂಗಡಿಯ ಚೂರುಬಟ್ಟೆಯಲ್ಲಿ ಕತ್ತರಿಸಿ ಕೊಟ್ಟಿದ್ದ ಸೊಸೆಗೆ, ಒಗೆಯಲು ತೆಗೆದ ಮಾವನ ಪ್ಯಾಂಟಿನ ಜೇಬಿನಲ್ಲಿ ಅವೆಲ್ಲ ಸಿಕ್ಕವು. ನೀಟಾಗಿ ಸುತ್ತಿಟ್ಟಿದ್ದರು.

ಅವಳು ಅವನ್ನು ತೆಗೆದಿಟ್ಟಳು. ಪ್ರಾಯದಲ್ಲಿ ಮಾವ ಮೊಣಕಾಲುದ್ದ ಕೆಸರಲ್ಲಿ ನಿಂತು ಆ ಮರಗಳನ್ನು ನೆಟ್ಟಿದ್ದು ಮನೆಮಂದಿಗೆಲ್ಲ ಬಾಯಿಪಾಠ. ಒಂದೇ ಜಾತಿ ಮರದ ನೆರಳು ಕವಿದು ಬೇರೇನೂ ಹುಟ್ಟುತ್ತಿಲ್ಲ, ಒಂದು ರೋಗ ಬಂದರೆ ಇಡೀ ಕಾಡೇ ಮಲಗುತ್ತದೆ, ಕೆಲವನ್ನು ಕಡಿದು ಬೇರೆ ಬೇರೆ ಜಾತಿ ಸಸಿ ಹಾಕಬೇಕು ಎಂದು ಮೇಷ್ಟ್ರು ಹೇಳಿದಾಗ ಎಲ್ಲರಿಗಿಂತ ಮೊದಲು ತಲೆಯಾಡಿಸಿದವರೂ ಮಾವನೇ. ಈಗ ಸಸಿಗಳು ಬಕೆಟ್ಟಿನಲ್ಲೇ ಬಾಡುತ್ತಿದ್ದವು.

ಮುಂದಿನ ಭಾನುವಾರ ಅವಳು ಪಟ್ಟಿಗಳಿಗೆ ಇಸ್ತ್ರಿ ಹಾಕಿ ಮಾವನ ಕೈಗಿಟ್ಟಳು.

"ಈ ಸಲ ನೀವೇ ಕಟ್ಟಿ ಮಾವ. ಹಕ್ಕಿಗಳು ನಿಮಗೆ ಹೆದರ್ತವೆ."

ಮಾವ ಪಟ್ಟಿಗಳನ್ನು ನೋಡಿದರು. ಸೊಸೆಯನ್ನು ನೋಡಿದರು. "ಇಸ್ತ್ರಿ ಬೇರೆ ಕೇಡು ಇದಕ್ಕೆ," ಎಂದು ಗೊಣಗಿ, ಗಂಬೂಟು ಏರಿಸಿ ಕೆಸರಿಗಿಳಿದರು.

ಮೊದಲ ಸಾಲಿನ ಮೊದಲ ಮರವನ್ನು ಸವರಿದರು. ಕಟ್ಟಲಿಲ್ಲ. ಆ ಸಾಲಿನ ಯಾವುದಕ್ಕೂ ಕಟ್ಟಲಿಲ್ಲ. ಎರಡನೇ ಸಾಲಿಗೆ ಬರುತ್ತಲೇ ಮುಖ ಅರಳಿತು.

"ಇದು ನನ್ನ ಬಾಮೈದನ ಸಾಲು. ಸೊಟ್ಟ ನೋಡು, ಅವನ ಹಾಗೇ. ಆದ್ರೂ ಆವತ್ತು ನೆಡಿಸ್ತಿದ್ದ ಮೇಸ್ತ್ರಿ ಶಹಬ್ಬಾಸ್ ಅಂದಿದ್ದು ಅವನಿಗೆ!"

ಕೈ ಚುರುಕಾಯಿತು. ಮೂರನೆಯದು ತಮ್ಮದು, ಬಿಟ್ಟರು. ನಾಲ್ಕನೆಯದು ಬಾಮೈದನದು, ಬಿಗಿದರು.

ಮೇಷ್ಟ್ರು ಓಡೋಡಿ ಬಂದರು. "ಸಾಲು ಬಿಟ್ಟು ಸಾಲು! ಬೆಳಕು ಎಷ್ಟು ಚೆನ್ನಾಗಿ ಬೀಳುತ್ತೆ! ತುಂಬಾ ಯೋಚನೆ ಮಾಡಿದ್ದೀರಿ ಯಜಮಾನ್ರೇ."

"ನಲವತ್ತು ವರ್ಷದಿಂದ ಮಾಡ್ತಿದ್ದೀನಿ," ಎಂದರು ಮಾವ.

ಕೊನೆಗೆ ಒಂದು ಪಟ್ಟಿ ಉಳಿಯಿತು. ಅದನ್ನು ಹಿಡಿದು ಅಲ್ಲಿಂದಿಲ್ಲಿಗೆ ಓಡಾಡಿದರು. ಆಮೇಲೆ ಮೊದಲ ಮರದ ಹತ್ತಿರ ಹಿಂದಿರುಗಿ, ಕಟ್ಟಿ, ಎರಡು ಗಂಟು ಹಾಕಿದರು.

"ಅದು ನಿಮ್ಮದಲ್ವಾ ಮಾವ?"

"ನಂದೇ. ಎಲ್ಲಾ ಅವನವೇ ಕಡಿಸಿಬಿಟ್ರೆ ಮನೇಲಿ ನಿಮ್ಮತ್ತೆ ಬಿಡ್ತಾಳಾ? ಅವಳ ತಮ್ಮ ಕಣಮ್ಮ ಅವನು. ರಾತ್ರಿ ಊಟ ಹಾಕೋಳು ಅವಳು."

ಗರಗಸ ಬರುವ ಮೊದಲೇ, ತಮ್ಮ ಆ ಮರದ ಜಾಗಕ್ಕೆಂದು ಬಕೆಟ್ಟಿನಿಂದ ದಪ್ಪನೆಯದೊಂದು ಸಸಿ ಆರಿಸಿ, ಮರ ಬೀಳದ ಕಡೆ ಇಟ್ಟುಕೊಂಡರು. ಅದನ್ನು ಬೇರೆ ಯಾರೂ ನೆಡಬಾರದೆಂದು ಅದರ ಮೇಲೆ ತಮ್ಮ ಟೋಪಿ ಇಟ್ಟರು.