ಸುಡದ ಹಲಗೆ

ಚರ್ಚಿನ ನೆಲಮಾಳಿಗೆಯ ಮೆಟ್ಟಿಲಲ್ಲಿ ಮಿಸ್ ವರ್ಲೀನಳ ನೇರಳೆ ಟೋಪಿ ಕಂಡೊಡನೆ ಥ್ಯಾಡಿಯಸ್‌ನ ಕೈಯ ಲೋಟ ತುಳುಕಿತು. ತನ್ನ ಕಲಾಪ್ರದರ್ಶನಕ್ಕೆ ಆಕೆ ಬರಲಾರಳೆಂದೇ ಅವನು ನಂಬಿದ್ದ.

ಗೋಡೆಯ ಮೇಲಿತ್ತು ಅವನ ಕಲಾಕೃತಿ. ಜುಲೈಯ ದಂಗೆಯಲ್ಲಿ ಡೆಟ್ರಾಯಿಟ್ ಹೊತ್ತಿ ಉರಿದ ಮೇಲೆ ಬೂದಿಯಿಂದ ಹೆಕ್ಕಿ ತಂದು ಅಂಟಿಸಿದ್ದು: ಕರಗಿದ ಗಾಜು, ಕರಕಲಾದ ಬಾಗಿಲ ಚೂರು, ಸೊಟ್ಟಗಾದ ಚಮಚಗಳು. ನಟ್ಟನಡುವೆ ಒಂದು ಹಲಗೆ. ಅದರ ಮೇಲೆ ಉಗುರುಬಣ್ಣದ ಕೆಂಪಕ್ಷರ: ‘ಇದೂ ಕರಿಯರ ಅಂಗಡಿ.’

ಇಂಥ ಹಲಗೆ ಕಂಡರೆ ರೊಚ್ಚಿಗೆದ್ದ ಕರಿಯ ಜನ ಸಾಮಾನ್ಯವಾಗಿ ತಮ್ಮವರದೆಂದು ಅಂಗಡಿಯನ್ನು ಮುಟ್ಟದೆ ಮುಂದೆ ಹೋಗುತ್ತಿದ್ದರು. ಥ್ಯಾಡಿಯಸ್‌ಗೆ ಅದು ಗೊತ್ತಿತ್ತು. ಗೊತ್ತಿದ್ದೂ, ಹೆಂಗಸರ ಕೂದಲು ಒಪ್ಪಮಾಡುವ ಮಿಸ್ ವರ್ಲೀನಳ ಅಂಗಡಿಯ ಕಿಟಕಿಯಿಂದ ಅದನ್ನು ಬಿಚ್ಚಿಕೊಂಡಿದ್ದ. ಆ ಕೆಂಪು ಅವನ ಕಣ್ಣು ಸೆಳೆದಿತ್ತು. ಆಕೆ ಇನ್ನೊಂದು ಬರೆದುಕೊಂಡಾಳು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಮರುದಿನ ಅಂಗಡಿ ಬೂದಿಯಾಗಿತ್ತು.

“ನೋಡ್ರಪ್ಪಾ ನಮ್ಮ ತಿಪ್ಪೆ ರಾಜನ್ನ!” ಗೆಳೆಯ ರಾಸ್ಕೋ ಕೂಗಿದ. “ಊರೆಲ್ಲ ಲೂಟಿ ಮಾಡಿದ ಟಿವಿ ಹೊತ್ಕೊಂಡು ಓಡ್ತಿದ್ರೆ, ಇವನು ಕಸ ಹೊತ್ಕೊಂಡು ಓಡ್ತಿದ್ದ!”

ಎಲ್ಲರೂ ನಕ್ಕರು. ಮಿಸ್ ವರ್ಲೀನ್ ನಗಲಿಲ್ಲ. ಹಲಗೆಯ ಮುಂದೆ ನಿಂತುಬಿಟ್ಟಿದ್ದಳು.

“ಇದು ನನ್ನ ಕೈಬರಹ ಕಣೋ! ಗಟ್ಟಿಯಾಗಿ ಕಟ್ಟಲಿಲ್ಲ, ಗಾಳಿಗೆ ಬಿದ್ದೋಯ್ತು ಅಂತ ಇಷ್ಟು ದಿನ ನನ್ನನ್ನೇ ಬೈಕೊಂಡಿದ್ದೀನಿ. ಬೂದಿಲಿ ಸಿಕ್ತಾ ಮಗಾ?”

ಸುಳ್ಳನ್ನು ಆಕೆಯೇ ತಟ್ಟೆಯಲ್ಲಿಟ್ಟು ಕೊಟ್ಟಂತಾಯಿತು. ಥ್ಯಾಡಿಯಸ್ ಹೌದೆಂದು ತಲೆಯಾಡಿಸಿದ.

“ದೇವರು ನಿನ್ನ ಚೆನ್ನಾಗಿಟ್ಟಿರ್ಲಿ,” ಎಂದು ಆಕೆ ಅವನ ಕೆನ್ನೆ ಸವರಿದಳು. ಆಮೇಲೆ ಬಾಗಿಲ ಚೂರನ್ನು ಮುಟ್ಟಿದಳು. ಬಿಳಿಯ ಕೈಗವಸಿನ ತುದಿ ಕಪ್ಪಾಯಿತು. ಇನ್ನೊಂದು ಬೆರಳಿನಿಂದ ಹಲಗೆಯ ಅಂಚನ್ನು ಮೆಲ್ಲಗೆ ಸವರಿದಳು. ಬೆರಳು ಬಿಳಿಯಾಗಿಯೇ ಉಳಿಯಿತು.

ಆಕೆ ಎರಡು ಬೆರಳನ್ನೂ ಅವನ ಮುಖದ ಮುಂದೆ ಹಿಡಿದಳು.

“ಎಲ್ಲಾ ಸುಟ್ಟಿದೆ. ಇದೊಂದು ಯಾಕೆ ಸುಟ್ಟಿಲ್ಲ?”

ರಾಸ್ಕೋನ ನಗು ಅರ್ಧಕ್ಕೇ ನಿಂತಿತು. ಥ್ಯಾಡಿಯಸ್ ನೆಲ ನೋಡಿದ.

“ಮೊದಲೇ ತೆಗೊಂಡಿದ್ದೆ, ಮಿಸ್ ವರ್ಲೀನ್. ಬೆಂಕಿ ಬೀಳೋಕೆ ಮುಂಚೆ.”

ಅವನು ಮೂಲೆಯ ಪೆಟ್ಟಿಗೆಯಿಂದ ಇಕ್ಕಳ ತಂದು, ಹಲಗೆಯ ಮೊದಲ ಮೊಳೆಗೆ ಹಾಕಿದ.

“ಬಿಡು, ಕೀಳಬೇಡ,” ಎಂದಳು ಆಕೆ, ಮಸಿಯಾದ ಕೈಗವಸನ್ನು ಕಳಚುತ್ತ. “ಎಲ್ಲಿಗೆ ಕಟ್ಲಿ ಈಗ? ಕಿಟಕಿ ಎಲ್ಲಿದೆ ನನಗೆ?”