ಅಪ್ಪನ ರೇಡಿಯೋ ಪೆಟ್ಟಿಗೆಯ ಗುಂಯ್

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ರೇಡಿಯೋ ಅಕ್ಕ ಎಂದೇ ಕರೆಯುತ್ತಿದ್ದರು. ರೇಡಿಯೋ ಹಿಡಿದುಕೊಂಡು ಅವಳ ಅಂಗಡಿಗೆ ಯಾರಾದರೂ ಬಂದು ಹತ್ತು ವರ್ಷವಾಗಿತ್ತು. ಈಗ ಬರುತ್ತಿದ್ದದ್ದು ಮಿಕ್ಸಿ, ಇಸ್ತ್ರಿಪೆಟ್ಟಿಗೆ, ತಿರುಗದ ಫ್ಯಾನು. ಆದರೂ ಹೆಸರು ಅಂಟಿಕೊಂಡಿತ್ತು, ಏಕೆಂದರೆ ಅಂಗಡಿ ಅವಳ ಅಪ್ಪನದು, ಅಪ್ಪ ರೇಡಿಯೋ ರಿಪೇರಿಯವನು. ಹದಿನೆಂಟನೇ ವಯಸ್ಸಿನಲ್ಲಿ ಅವನ ಪಕ್ಕದ ಸ್ಟೂಲಿನ ಮೇಲೆ ಕೂತವಳು ಐವತ್ತೊಂದರಲ್ಲೂ ಅಲ್ಲೇ ಕೂತಿದ್ದಳು. ಮದುವೆಯಾಗಲಿಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಯೇ ಮನೆ. ಎಂಟು ವರ್ಷದ ಹಿಂದೆ, ಕಣ್ಣು ಮಂಜಾದ ಮೇಲೆ, ಅಪ್ಪ ಎರಡು ಬೀದಿ ಆಚೆ ಅವಳ ತಮ್ಮನ ಮನೆ ಸೇರಿದ್ದ.

ಅಂಗಡಿಯ ಮೇಲಿನ ಹಲಗೆಯಲ್ಲಿ ಹಳೆಯ ವಾಲ್ವ್ ರೇಡಿಯೋ ಒಂದಿತ್ತು. ಅಪ್ಪ ತನಗೆಂದು ಇಟ್ಟುಕೊಂಡದ್ದು ಅದೊಂದೇ. ಮೂಲೆಗಳು ದುಂಡಗಿದ್ದ ಮರದ ಪೆಟ್ಟಿಗೆ, ಮುಂಭಾಗಕ್ಕೆ ಬಿಸ್ಕತ್ತಿನ ಬಣ್ಣದ ಬಟ್ಟೆ, ಗಾಜಿನ ಡಯಲು, ಎರಡು ದಪ್ಪ ಗುಂಡಿ. ಒಳಗಿನ ಗಾಜಿನ ವಾಲ್ವುಗಳು ಸತ್ತು ಎಷ್ಟೋ ಕಾಲವಾಗಿತ್ತು, ಬದಲಿ ಸಿಗುತ್ತಿರಲಿಲ್ಲ. “ಮಾಡ್ತೀನಿ ಅಪ್ಪಾ, ಕೈ ಬಿಡುವಾಗಲಿ” ಎಂದು ರೇಡಿಯೋ ಅಕ್ಕ ಹೇಳುತ್ತಲೇ ಬಂದಿದ್ದಳು. ಕೈ ಬಿಡುವಾಗಲೇ ಇಲ್ಲ.

ಒಂದು ಸಂಜೆ ತಮ್ಮನ ಹೆಂಡತಿ ಬಂದಳು. ಅವಳಿಗೆ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಹಗಲೆಲ್ಲ ಸಣ್ಣ ಸಣ್ಣ ಸೀಸೆಗಳಿಗೆ ಚೀಟಿ ಅಂಟಿಸಿ ಅಭ್ಯಾಸವಾದ, ಅವಸರವೇ ಗೊತ್ತಿಲ್ಲದ ಹೆಂಗಸು.

“ಅತ್ತಿಗೆ, ಮೇಲಿರೋ ಆ ರೇಡಿಯೋ ಕೊಡ್ತೀರಾ? ಒಳಗಿಂದು ಬೇಡ, ಬರೀ ಪೆಟ್ಟಿಗೆ ಸಾಕು. ಮಾವನಿಗೆ ಏನೋ ಮಾಡೋಣ ಅಂತ.”

ಹೂವಿನ ಕುಂಡ ಇಡುತ್ತಾಳೇನೋ ಎಂದುಕೊಂಡ ರೇಡಿಯೋ ಅಕ್ಕ ಧೂಳು ಕೊಡವಿ ಕೊಟ್ಟಳು. ಕೊಟ್ಟು ಮರೆತೂ ಬಿಟ್ಟಳು.

ಒಂದೂವರೆ ತಿಂಗಳ ನಂತರ, ಒಂದು ಭಾನುವಾರ ಬೆಳಿಗ್ಗೆ, ತಮ್ಮ ಫೋನು ಮಾಡಿ ಕರೆದ. ಹೋದರೆ ನಡುಮನೆಯಲ್ಲಿ ಅದೇ ಪೆಟ್ಟಿಗೆ. ಮರ ಉಜ್ಜಿ ಮೆರುಗು ಹಾಕಿದೆ. ಡಯಲಿನ ಹಿಂದೆ ಅರಿಶಿನ ಬಣ್ಣದ ದೀಪ. ಅಪ್ಪ ಅದರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಾನೆ. ಎಡಗಡೆಯ ಗುಂಡಿ ತಿರುಗಿಸಿದರೆ ಸದ್ದು ಏರುತ್ತದೆ, ಬಲಗಡೆಯದನ್ನು ತಿರುಗಿಸಿದರೆ ಹಾಡು ಬದಲಾಗುತ್ತದೆ. ಅಪ್ಪನ ಕಾಲದ ಹಾಡುಗಳು, ಅವನ ಕಾಲಕ್ಕಿಂತ ಹಿಂದಿನವು, ಸಾವಿರಾರು, ಎಲ್ಲವೂ ಉಗುರಿನಷ್ಟಗಲದ ಮೆಮೊರಿ ಚಿಪ್ಪಿನಲ್ಲಿ. ಕಣ್ಣು ಕಾಣದವನಿಗೆ ಫೋನಿನ ನುಣುಪು ಗಾಜು ಎಂದೂ ಒಗ್ಗಿರಲಿಲ್ಲ. ಈ ಗುಂಡಿಗಳನ್ನು ಅವನ ಬೆರಳು ಹುಡುಕಬೇಕಾಗಿರಲಿಲ್ಲ.

“ನೀನೇ ಮಾಡಿದ್ಯಾ?” ಎಂದಳು ರೇಡಿಯೋ ಅಕ್ಕ.

“ಫೋನಲ್ಲಿ ವಿಡಿಯೋ ನೋಡ್ಕೊಂಡು ಮಾಡ್ದೆ ಅತ್ತಿಗೆ. ಬೆಸುಗೆ ಹಾಕೋಕೆ ಹೋಗಿ ಎರಡು ಸಲ ಬೆರಳು ಸುಟ್ಕೊಂಡೆ.”

ಅಪ್ಪ ಪೆಟ್ಟಿಗೆಯ ತಲೆ ಸವರುತ್ತ, “ಕೈ ಇದೆ ಕಣಮ್ಮ ನಿಂಗೆ” ಎಂದ ಸೊಸೆಗೆ.

ಆ ಮಾತನ್ನು ಅಪ್ಪ ಅಷ್ಟು ಸುಲಭಕ್ಕೆ ಯಾರಿಗೂ ಆಡುವವನಲ್ಲ. ಪೇಟೆಯ ಹಳೇ ವಾಚು ರಿಪೇರಿಯವನಿಗೆ ಒಮ್ಮೆ ಹೇಳಿದ್ದ, ಯಾವುದೋ ಊರಿನಿಂದ ಬಂದ ಪಿಟೀಲು ಮಾಡುವವನಿಗೆ ಒಮ್ಮೆ. ಇಪ್ಪತ್ತೈದು ವರ್ಷ ಪಕ್ಕದಲ್ಲೇ ಕೂತವಳಿಗೆ ಒಂದು ಸಲವೂ ಇಲ್ಲ. ಆರು ವಾರದ ಹಿಂದೆ ಬೆಸುಗೆ ಕಡ್ಡಿ ಹಿಡಿಯಲೂ ಬಾರದಿದ್ದ ಇವಳಿಗೆ, ಹಲ್ಲುಜ್ಜಿ ಕಾಫಿ ಕುಡಿಯುವಷ್ಟರಲ್ಲಿ ಸಿಕ್ಕಿಬಿಟ್ಟಿತು.

ತಪ್ಪು ಹುಡುಕುವುದಕ್ಕೆಂದೇ ರೇಡಿಯೋ ಅಕ್ಕ ಹಿಂದಿನ ಹಲಗೆ ತೆಗೆದು ಬಗ್ಗಿ ನೋಡಿದಳು. ತಂತಿಗಳನ್ನು ಜಡೆ ಹೆಣೆದಂತೆ ಕಟ್ಟಿದೆ. ಒಂದೊಂದಕ್ಕೂ ಪುಟ್ಟ ಚೀಟಿ, ಲ್ಯಾಬಿನ ಸೀಸೆಗಳಿಗೆ ಇರುವಂಥದೇ. ಬೆಸುಗೆ ದಪ್ಪ ಇತ್ತು, ಆದರೆ ಗಟ್ಟಿ ಇತ್ತು. ಹೀಗೆ ಚೊಕ್ಕಟವಾಗಿದೆಯಲ್ಲ ಎಂದು ಸಿಟ್ಟೇ ಬಂತು.

ಆಗ ಕಿವಿಗೆ ಬಿತ್ತು. ಹಾಡು ನಿಂತು ಇನ್ನೊಂದು ಶುರುವಾಗುವ ನಡುವೆ, ಸಣ್ಣಗೆ, ಒಂದೇ ಸಮನೆ: ಗುಂಯ್.

“ಅದೊಂದೇ ಹೋಗ್ತಿಲ್ಲ ಅತ್ತಿಗೆ,” ತಮ್ಮನ ಹೆಂಡತಿ ಪಕ್ಕದಲ್ಲಿ ಬಗ್ಗಿದಳು. “ಮಾವನಿಗೆ ಕಿವಿ ಚುರುಕು ನೋಡಿ, ಅವರಿಗೆ ಕಿರಿಕಿರಿ. ನಿಮಗೇನಾದ್ರೂ ಗೊತ್ತಾಗುತ್ತಾ?”

ಗೊತ್ತಾಗಿತ್ತು. ನೋಡಿದ ಕ್ಷಣವೇ ಗೊತ್ತಾಗಿತ್ತು. ಧ್ವನಿ ಸಾಗುವ ತಂತಿಯ ಮೇಲೆ ಹೆಣೆದ ತಾಮ್ರದ ಕವಚವನ್ನು ಒಂದು ತುದಿಯಲ್ಲಿ ಮಾತ್ರ ತಗಡಿಗೆ ಸೇರಿಸಬೇಕು. ಇವಳು ಎರಡೂ ತುದಿಯಲ್ಲಿ ಸೇರಿಸಿಬಿಟ್ಟಿದ್ದಳು. ಇಕ್ಕಳದಿಂದ ಒಂದು ಕಡೆ ಕತ್ತರಿಸಿದರೆ ಮುಗಿಯಿತು. ಅಪ್ಪ ಕಲಿಸಿದ ಮೊದಮೊದಲ ಪಾಠಗಳಲ್ಲಿ ಅದೂ ಒಂದು. ಮಾತು ನಾಲಿಗೆಯ ತುದಿಗೇ ಬಂದಿತ್ತು.

“ಕಂಪ್ಯೂಟರ್ ಸಾಮಾನು ತುಂಬಿದ್ರೆ ಹಂಗೇ ಬಿಡು,” ಎಂದಳು. “ಇಂಥವಕ್ಕೆ ಅದು ಇದ್ದದ್ದೇ.”

ಅಪ್ಪ ಮುಖವನ್ನು ಅವಳ ಕಡೆ ತಿರುಗಿಸಿದ.

ಎರಡು ವಾರದೊಳಗೆ ಸುದ್ದಿ ಬೀದಿಗೆಲ್ಲ ಹಬ್ಬಿತು. ಎದುರಂಗಡಿಯ ಟೈಲರಂತೂ ತಮ್ಮನ ಮನೆಗೇ ಹೋಗಿ ನೋಡಿಕೊಂಡು ಬಂದ. ಮಾರನೆಯ ದಿನ ಟೇಪು ಕೊರಳಿಗೆ ಹಾಕಿಕೊಂಡೇ ರಸ್ತೆ ದಾಟಿದ.

“ರೇಡಿಯೋ ಅಕ್ಕಾ, ನಮ್ಮಜ್ಜಂದೂ ಒಂದು ಪೆಟ್ಟಿಗೆ ಇದೆ.”

ಅವಳ ಮುಖ ಅರಳಿತು. “ತಗೊಂಬಾ ಮತ್ತೆ, ನೋಡೋಣ.”

“ನಿಮಗ್ಯಾಕೆ ತೊಂದ್ರೆ? ನಿನ್ನೆ ಕೇಳೋಕೆ ಮರೆತೆ, ನಿಮ್ಮ ತಮ್ಮನ ಮನೆಯವರ ನಂಬರ್ ಕೊಟ್ರೆ ಸಾಕಾಗಿತ್ತು.”

ಅವಳು ನಂಬರು ಕೊಟ್ಟಳು, ಕೊನೆಯ ಎರಡು ಅಂಕಿ ಅದಲುಬದಲು ಮಾಡಿ. ಅವನು ಹೋದ ಮೇಲೆ ನಾಚಿಕೆಯಾಯಿತು, ಆದರೆ ಎದ್ದು ಹೋಗಿ ಸರಿಪಡಿಸುವಷ್ಟಲ್ಲ.

ತಾನೇನು ಕಡಿಮೆ ಎಂದು ಅವಳೂ ಹಟಕ್ಕೆ ಬಿದ್ದಳು. ಅಪ್ಪನ ಪೆಟ್ಟಿಗೆಯೊಳಗೆ ಕಂಡಂಥದೇ ಪುಟ್ಟ ಕಂಪ್ಯೂಟರ್ ಕಾರ್ಡನ್ನು ಪೇಟೆಯಿಂದ ತಂದಳು. ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಇನ್ನೊಂದು ರೇಡಿಯೋ ಪೆಟ್ಟಿಗೆ ಒರೆಸಿದಳು. ಸ್ಪೀಕರು, ಆಂಪ್ಲಿಫೈಯರು, ಗುಂಡಿ ಎಲ್ಲ ಒಂದೇ ಮಧ್ಯಾಹ್ನಕ್ಕೆ ಜೋಡಿಸಿ ಮುಗಿಯಿತು. ಬೆಸುಗೆ ಒಂದೊಂದೂ ಸಾಸಿವೆ ಕಾಳಿನಂತೆ. ಸ್ವಿಚ್ಚು ಒತ್ತಿದಳು. ಕೆಂಪು ದೀಪ ಒಮ್ಮೆ ಮಿಟುಕಿ ಸುಮ್ಮನಾಯಿತು. ಆ ಕಾರ್ಡಿಗೆ ಏನು ಮಾಡಬೇಕೆಂದು ಮೊದಲು ಬರೆದು ಕೊಡಬೇಕಂತೆ, ಯಾವುದೋ ಫೈಲು ತುಂಬಬೇಕಂತೆ. ಫೋನಿನ ವಿಡಿಯೋದಲ್ಲಿ ಒಬ್ಬ ಪಟಪಟನೆ ಹೇಳಿಕೊಂಡು ಹೋದ. ಹಿಂದಕ್ಕೆ ತಳ್ಳಿ ತಳ್ಳಿ ನೋಡಿದಳು. ನಾಲ್ಕು ದಿನ ಮಿಕ್ಸಿಗಳು ಸಾಲಾಗಿ ಕಾದು ಕೂತವು. ಕಾರ್ಡು ಬಾಯಿ ಬಿಡಲಿಲ್ಲ.

ಐದನೆಯ ದಿನ ಬೆಳಿಗ್ಗೆ ತಮ್ಮ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಪ್ಪನನ್ನು ಅಂಗಡಿಗೆ ತಂದು ಬಿಟ್ಟ. “ಮಧ್ಯಾಹ್ನದ ತನಕ ಇಲ್ಲೇ ಇರ್ತಾರಂತೆ ಅಕ್ಕಾ, ಹಟ ಮಾಡ್ತಿದ್ರು” ಎಂದು ಹೊರಟುಹೋದ.

ಅಪ್ಪ ತಡವಿಕೊಂಡು ಬಂದು ತನ್ನ ಹಳೆಯ ಜಾಗದಲ್ಲಿ ಕೂತ. ಅಭ್ಯಾಸಬಲದಿಂದ ಕೈ ಮೇಜಿನ ಮೇಲೆ ಹರಿದಾಡಿತು. ಕಾರ್ಡು ಸಿಕ್ಕಿತು. ಅಂಚು, ಮೂಲೆಯ ತೂತುಗಳು, ಸಾಲು ಮುಳ್ಳು, ಎಲ್ಲ ಬೆರಳಲ್ಲೇ ಓದಿದ.

“ಇದೇನೇ, ಅವಳ ಪೆಟ್ಟಿಗೇಲೂ ಇಂಥದೇ ಇದೆಯಲ್ಲ.”

ರೇಡಿಯೋ ಅಕ್ಕ ಇಸ್ತ್ರಿಪೆಟ್ಟಿಗೆಯೊಂದನ್ನು ಬಿಚ್ಚುವುದರಲ್ಲಿ ಮುಳುಗಿದಂತೆ ನಟಿಸಿದಳು.

“ಅವಳು ಆ ಪೆಟ್ಟಿಗೇನ ಮೂರು ಸಲ ಬಿಚ್ಚಿದ್ಲು,” ಅಪ್ಪ ಹೇಳಿದ. “ಸ್ಪೀಕರ್ ಬದಲಾಯಿಸಿದ್ಲು. ದೀಪ ತೆಗೆದ್ಲು. ನಿನ್ನೆ ಎಲ್ಲಾ ಕಳಚಿ ಮೇಜಿನ ಮೇಲೆ ಹರಡ್ಕೊಂಡು ಕೂತಿದ್ಲು. ಗುಂಯ್ ಅನ್ನೋದು ಹೋಗಿಲ್ಲ. ಅದೇನು ಅಂತ ನಿಂಗೆ ಅವತ್ತೇ ಗೊತ್ತಿತ್ತು.”

“ನಿಂಗೂ ಗೊತ್ತಿತ್ತಲ್ಲ. ನೀನ್ಯಾಕೆ ಹೇಳಲಿಲ್ಲ?”

“ನೀನು ಹೇಳ್ತೀಯ ಅಂತ ಕಾಯ್ತಿದ್ದೆ.”

ತಿರುಪುಳಿ ಕೈಯಿಂದ ಜಾರಿ ಕೆಳಗೆ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ. “ಇಪ್ಪತ್ತೈದು ವರ್ಷ ಅಪ್ಪಾ. ನಿನ್ನ ಪಕ್ಕ ಕೂತು ಕಣ್ಣು ಸವೆಸಿಕೊಂಡೆ. ಕೈ ಇದೆ ಅಂತ ಒಂದು ದಿನ ಅಂದ್ಯಾ? ಒಂದು ದಿನ?”

ಅಪ್ಪ ತಬ್ಬಿಬ್ಬಾದ. ಇದು ಯಾಕೆ ಬಂತು ಎಂಬುದೇ ಅವನಿಗೆ ಹೊಳೆಯಲಿಲ್ಲ. “ನಿಂಗ್ಯಾಕೇ ಹೇಳ್ಬೇಕು? ನೀನು ಮಾಡಿದ್ದು ಸರಿಯಾಗೇ ಇರುತ್ತೆ ಅಂತ ನಾನು ತಿರುಗಿ ನೋಡಿದವನೇ ಅಲ್ಲ. ಅವಳು ಹೊರಗಿಂದ ಬಂದವಳು, ಭಯ ಪಟ್ಕೊಂಡು ಮಾಡಿದ್ಲು, ಹೇಳ್ದೆ.”

“ಹೊರಗಿನವರಾದ್ರೆ ಮಾತ್ರ ಹೇಳೋದಾ?”

ಅಪ್ಪ ಕಾರ್ಡನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟ. ಮಧ್ಯಾಹ್ನದ ಹೊತ್ತಿಗೆ ಇಸ್ತ್ರಿಪೆಟ್ಟಿಗೆಯ ರಿಪೇರಿ ಮುಗಿಯಿತು. ಆಮೇಲೆ ಅವಳು ಅಂಗಡಿಯ ಬಾಗಿಲೆಳೆದು, ಇಕ್ಕಳವನ್ನು ಚೀಲಕ್ಕೆ ಹಾಕಿಕೊಂಡು, ಅಪ್ಪನ ಕೈ ಹಿಡಿದು ತಮ್ಮನ ಮನೆಗೆ ನಡೆದಳು.

ತಮ್ಮನ ಹೆಂಡತಿಗೆ ಅಂದು ರಜೆ. ಊಟದ ಮೇಜಿನ ತುಂಬ ತಂತಿ, ಚೀಟಿ, ತಿರುಪು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ರೇಡಿಯೋ ಅಕ್ಕ ಕೂರಲೂ ಇಲ್ಲ. ತಂತಿಯನ್ನು ಹುಡುಕಿ ಕವಚದ ಒಂದು ತುದಿಯನ್ನು ಕಟ್ ಎಂದು ಕತ್ತರಿಸಿದಳು. “ಜೋಡಿಸಿ ನೋಡು.”

ಜೋಡಿಸಿದರು. ಹಾಡು ಬಂತು, ಮುಗಿಯಿತು. ಮುಗಿದ ಮೇಲೆ ಏನೂ ಇರಲಿಲ್ಲ. ಬರೀ ಮೌನ.

“ಅಯ್ಯೋ ಅತ್ತಿಗೆ! ಇಷ್ಟೇನಾ? ಹೇಗೆ ಕಂಡುಹಿಡಿದ್ರಿ?”

“ಅವತ್ತೇ ಕಂಡಿತ್ತು. ಹೇಳಲಿಲ್ಲ.”

ತಮ್ಮನ ಹೆಂಡತಿಯ ನಗು ಹಾಗೇ ನಿಂತಿತು. “ಮೂರು ವಾರ ಅತ್ತಿಗೆ,” ಎಂದಳು. “ಕೆಲಸದಿಂದ ಬಂದು ದಿನಾ ಇದರ ಮುಂದೆ ಕೂತಿದ್ದೀನಿ. ನಂಗೆ ಬುದ್ಧಿ ಇಲ್ಲ ಅಂತ ನಾನೇ ಬೈಕೊಂಡಿದ್ದೀನಿ.” ಎದ್ದು ಅಡುಗೆಮನೆಗೆ ಹೋದಳು. ನಲ್ಲಿಯ ನೀರು ಸುಮ್ಮನೆ ಸುರಿಯುವ ಸದ್ದು ಬಹಳ ಹೊತ್ತು ಕೇಳಿಸಿತು. ಹೊರಡಬೇಕೋ ನಿಲ್ಲಬೇಕೋ ತಿಳಿಯದೆ ರೇಡಿಯೋ ಅಕ್ಕ ಕುರ್ಚಿಯ ಬೆನ್ನು ಹಿಡಿದು ನಿಂತಳು.

ತಮ್ಮನ ಹೆಂಡತಿ ಮುಖ ತೊಳೆದುಕೊಂಡು ಬಂದಳು. “ಇದನ್ನ ನಾನ್ಯಾಕೆ ಮಾಡಿದ್ದು ಗೊತ್ತಾ? ಈ ಮನೇಲಿ ಬಲ್ಬು ಹೋದ್ರೂ ‘ನನ್ನ ಮಗಳಾಗಿದ್ರೆ ಚಿಟಿಕೇಲಿ ಸರಿ ಮಾಡ್ತಿದ್ಲು’, ಫ್ಯಾನು ಕಿರುಗುಟ್ಟಿದ್ರೂ ‘ನನ್ನ ಮಗಳಾಗಿದ್ರೆ’. ಎಂಟು ವರ್ಷದಿಂದ ಕೇಳಿದ್ದೀನಿ. ಒಂದ್ಸಲ ಮಾವನ ಬಾಯಿ ಮುಚ್ಚಿಸೋಣ ಅಂತ ಮಾಡ್ದೆ.”

ರೇಡಿಯೋ ಅಕ್ಕ ಅಪ್ಪನ ಕಡೆ ತಿರುಗಿದಳು. ಅಪ್ಪ ಏನೂ ಕೇಳಿಸದವನಂತೆ ಗುಂಡಿ ತಿರುಗಿಸಿ ಸದ್ದು ಜೋರು ಮಾಡಿದ. ಅವಳಿಗೆ ನಗುವೂ ಬಂತು, ಅಳುವೂ ಬಂತು. ತನಗೆ ಸೇರಬೇಕಾದ ಹೊಗಳಿಕೆಯನ್ನೆಲ್ಲ ಈ ಮನುಷ್ಯ ಇವಳ ಕಿವಿಗೆ ಸುರಿದು ಹಾಳುಮಾಡಿದ್ದ. ಅದನ್ನು ಎಂಟು ವರ್ಷ ಕೇಳಿಸಿಕೊಂಡವಳ ಮೇಲೂ ಒಂದು ಕ್ಷಣ ಅಸೂಯೆಯಾಯಿತು.

“ನನ್ನ ಹತ್ರಾನೂ ಒಂದು ಕಾರ್ಡಿದೆ,” ಎಂದಳು. “ಮಾತಾಡ್ತಿಲ್ಲ. ಅದಕ್ಕೇನು ತುಂಬಬೇಕೋ ನಂಗೆ ಬರಲ್ಲ.”

ತಮ್ಮನ ಹೆಂಡತಿ ಕೂಡಲೇ ಒಪ್ಪಲಿಲ್ಲ. ಮೇಜಿನ ಮೇಲಿನ ತಿರುಪುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. “ಈ ವಾರ ಆಗಲ್ಲ,” ಎಂದಳು. “ಇನ್ನೂ ಸಿಟ್ಟಿದೆ. ಮುಂದಿನ ವಾರ ತಗೊಂಬನ್ನಿ.”

ಮುಂದಿನ ವಾರ ಅರ್ಧ ಗಂಟೆಯಲ್ಲಿ ಕಾರ್ಡು ಹಾಡಿತು. ಅದು ಅರ್ಧವೇ ಗಂಟೆಯಲ್ಲಿ ಹಾಡಿದ್ದು ರೇಡಿಯೋ ಅಕ್ಕನಿಗೆ ಚುಚ್ಚಿತು, ಆದರೂ ಪಕ್ಕದಲ್ಲೇ ಕೂತು ಒಂದೊಂದನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಟೈಲರನಿಗೆ ಸರಿಯಾದ ನಂಬರು ಕೊಟ್ಟಳು. ಅವನ ಅಜ್ಜನ ಪೆಟ್ಟಿಗೆಯನ್ನು ಇಬ್ಬರೂ ಸೇರಿ ಮಾಡಿದರು. ಬೆಸುಗೆ ಒಬ್ಬಳದು, ಫೈಲು ಇನ್ನೊಬ್ಬಳದು. ಪೆಟ್ಟಿಗೆ ಒಯ್ಯಲು ಬಂದ ಟೈಲರು ಮೊದಲು ಯಾರ ಕಡೆ ತಿರುಗಿ ಧನ್ಯವಾದ ಹೇಳುತ್ತಾನೆಂದು ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಅವನು ಪೆಟ್ಟಿಗೆಯನ್ನೇ ನೋಡುತ್ತ ಹೇಳಿದ.